ಮುತ್ತಜ್ಜಿಯ ಕೀರ್ತನೆ ಪುಸ್ತಕ ಹಿಡಿದು: ಧಾರವಾಡದಿಂದ ಮಂಗಳೂರಿಗೆ ಐದು ದಿನ

ಮೊದಲನೆಯ ದಿನ, ಶನಿವಾರ: ಧಾರವಾಡ

ದಸರೆ ರಜೆಗೆ ಮೊಮ್ಮಕ್ಕಳಿಬ್ಬರೂ ಬೆಂಗಳೂರಿನಿಂದ ಬಂದ ರಾತ್ರಿ, ಊಟವಾದ ಮೇಲೆ, ನಮ್ಮ ಮನೆಯ ಪದ್ಧತಿಯಂತೆ ಚಾಪೆ ಹಾಸಿ ಪ್ರಾರ್ಥನೆಗೆ ಕೂತೆವು. ಬೈಬಲಿನ ಇಪ್ಪತ್ತಮೂರನೆಯ ಕೀರ್ತನೆಯನ್ನು ‘ಯೆಹೋವನು ನನಗೆ ಕುರುಬನು’ ಎಂದು ಶುರು ಮಾಡಿ ನಾನು ಸುಮ್ಮನಾದೆ. ಮುಂದಿನದನ್ನು ಮಕ್ಕಳು ಹೇಳಬೇಕು. ನನ್ನ ಅವ್ವ ನನಗೆ ಕಲಿಸಿದ್ದು ಹಾಗೆ, ನಾನು ನನ್ನ ಮಗನಿಗೆ ಕಲಿಸಿದ್ದೂ ಹಾಗೆ. ಹದಿನಾಲ್ಕರ ಮೊಮ್ಮಗಳು ತಲೆ ತಗ್ಗಿಸಿದಳು. ಒಂಬತ್ತರ ಮೊಮ್ಮಗ, ‘ಅಜ್ಜಿ, ನಂಗೆ ಇಂಗ್ಲಿಷಲ್ಲಿ ಬರುತ್ತೆ, ಹೇಳ್ಲಾ?’ ಅಂದ. ಹೇಳಿದ ಕೂಡ, ಆರೂ ವಚನ, ಒಂದು ತಪ್ಪಿಲ್ಲದೆ.

‘ಛಲೋ ಹೇಳಿದಿ. ಕುರುಬ ಅಂದ್ರ ಯಾರು ಗೊತ್ತೇನಪಾ?’ ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮೂವತ್ತನಾಲ್ಕು ವರ್ಷ ಕನ್ನಡ ಶಾಲೆಯಲ್ಲಿ ಊರ ಮಕ್ಕಳಿಗೆಲ್ಲ ಅ ಆ ಇ ಈ ತಿದ್ದಿಸಿದವಳು ನಾನು. ಸ್ವಂತ ಮೊಮ್ಮಕ್ಕಳಿಗೆ ವಾರಕ್ಕೊಮ್ಮೆ ಫೋನಿನಲ್ಲಿ ‘ಪ್ರಾರ್ಥನಾ ಮಾಡೀರೇನು?’ ಎಂದು ಕೇಳಿ ಇಟ್ಟುಬಿಡುತ್ತಿದ್ದೆ. ಮಗ-ಸೊಸೆಯನ್ನು ದೂರಲಾರೆ. ಬೆಳಗಾದರೆ ಕೆಲಸದ ಓಟವಿದ್ದರೂ ಭಾನುವಾರದ ಆರಾಧನೆಯನ್ನು ಅವರು ಮಕ್ಕಳಿಗೆ ತಪ್ಪಿಸಿಲ್ಲ. ಮಕ್ಕಳಲ್ಲಿ ಭಕ್ತಿ ಇದೆ. ಆದರೆ ಅವರ ಮುತ್ತಜ್ಜಿಯರು ಅಳುವಾಗ, ಹೆರುವಾಗ, ಸಾಯುವಾಗ ದೇವರನ್ನು ಯಾವ ಮಾತಿನಲ್ಲಿ ಕರೆದರೋ ಆ ಮಾತು ಅವರ ಕಿವಿಗೆ ಬಿದ್ದಿಲ್ಲ. ಅದನ್ನು ಕೊಡಬೇಕಾದವಳು ನಾನಾಗಿದ್ದೆ.

ಮರುದಿನ ಟ್ರಂಕಿನ ತಳದಿಂದ ನನ್ನ ಮುತ್ತಜ್ಜಿಯ ಕೀರ್ತನೆ ಪುಸ್ತಕ ತೆಗೆದೆ. ಅಂಗೈ ಅಗಲದ ದಪ್ಪ ಪುಸ್ತಕ, ಬೆನ್ನಿಗೆ ಕೈಮಗ್ಗದ ಬಟ್ಟೆಯ ತೇಪೆ. ಮೊದಲ ಹಾಳೆಯ ಕೆಳಗೆ ‘ಮಂಗಳೂರು, ಬಾಸೆಲ್ ಮಿಶನ್ ಪ್ರೆಸ್’ ಎಂದಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಿಂದ ಸುವಾರ್ತೆ ಹೇಳಲು ಬಂದ ಪ್ರೊಟೆಸ್ಟಂಟ್ ಸಂಸ್ಥೆ ಅದು. ಕೊನೆಯ ಖಾಲಿ ಹಾಳೆಗಳಲ್ಲಿ ಮನೆಯವರ ಹುಟ್ಟು, ದೀಕ್ಷಾಸ್ನಾನ, ಮದುವೆ, ಸಾವು, ಐದು ತಲೆಮಾರಿನ ಐದು ಕೈಬರಹ. ಕೊನೆಯ ಹೆಸರು ನನ್ನ ಮಗನದು. ‘ನಮ್ದು ಇಲ್ವಲ್ಲ’ ಅಂದಳು ಮೊಮ್ಮಗಳು. ಈ ಪುಸ್ತಕ ನಡೆದುಬಂದ ದಾರಿಯನ್ನೇ ಹಿಡಿದು ಇವರನ್ನು ಕರೆದೊಯ್ಯಬೇಕು, ಮುತ್ತಜ್ಜಿ ಮಲಗಿರುವ ಬೆಟಗೇರಿಗೆ ಮತ್ತು ಪುಸ್ತಕ ಅಚ್ಚಾದ ಮಂಗಳೂರಿಗೆ ಎಂದು ಆಗಲೇ ನಿಶ್ಚಯಿಸಿದೆ.

ಶನಿವಾರ ಸಂಜೆ ಮಕ್ಕಳನ್ನು ಕಿಟೆಲ್ ಕಾಲೇಜಿನ ಗೇಟಿನ ತನಕ ಅಡ್ಡಾಡಿಸಿಕೊಂಡು ಬಂದೆ. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ನಿಂತಿರುವ ಮೂರ್ತಿಯನ್ನು ಇಬ್ಬರೂ ಕಾರಿನಿಂದ ನೂರು ಸಲ ನೋಡಿದ್ದಾರೆ, ಯಾರೆಂದು ಕೇಳಿರಲಿಲ್ಲ. 1853ರಲ್ಲಿ ಇಪ್ಪತ್ತೊಂದರ ಹುಡುಗನಾಗಿ ಬಾಸೆಲ್ ಮಿಶನ್ನಿನ ಪರವಾಗಿ ಜರ್ಮನಿಯಿಂದ ಬಂದು, 1894ರಲ್ಲಿ 70,000ದಷ್ಟು ಶಬ್ದಗಳ ಕನ್ನಡ ನಿಘಂಟನ್ನು ಅಚ್ಚಿಗೆ ಕೊಟ್ಟವರು ಫರ್ಡಿನಂಡ್ ಕಿಟೆಲ್ ಎಂದೆ. ‘ನಲವತ್ತೊಂದು ವರ್ಷ!’ ಎಂದು ಸಣ್ಣವನು ಬೆರಳೆಣಿಸಿದ. ಸುವಾರ್ತೆ ಹೇಳಲು ಬಂದವರು ಮೊದಲು ನಮ್ಮ ಮಾತು ಕಲಿಯಲು ಕೂತರು, ಕೂತವರು ಏಳಲೇ ಇಲ್ಲ. ಆ ಇಗರ್ಜಿಯ ಮಕ್ಕಳು ನಾವು ಆ ಮಾತನ್ನೇ ಕೈಬಿಟ್ಟರೆ ಹೇಗೆ?

ಎರಡನೆಯ ದಿನ, ಭಾನುವಾರ: ಗದಗ-ಬೆಟಗೇರಿ

ನಸುಕಿನಲ್ಲೇ ಬಾಡಿಗೆ ಕಾರು ಮಾಡಿಕೊಂಡು ಹೊರಟೆವು. ಹುಬ್ಬಳ್ಳಿ ದಾಟಿದ ಮೇಲೆ ಎರಡೂ ಕಡೆ ಎರೆಭೂಮಿ. ಉಳ್ಳಾಗಡ್ಡಿ ಕಿತ್ತ ಹೊಲಗಳು, ಹಿಂಗಾರಿ ಬಿತ್ತನೆಗೆ ಹರಗಿಟ್ಟ ಹೊಲಗಳು. ಅಣ್ಣಿಗೇರಿ ಬಿಟ್ಟು ಸ್ವಲ್ಪ ದೂರದಲ್ಲಿ ಕುರಿಗಳು ರಸ್ತೆ ತುಂಬಿ ಬಂದವು. ಡ್ರೈವರ್ ಹಾರ್ನ್ ಹೊಡೆಯಲು ಹೋದ. ‘ಬ್ಯಾಡ, ನಿಲ್ಲಸಪಾ’ ಎಂದು ನಾನು ಮಕ್ಕಳನ್ನು ಇಳಿಸಿದೆ. ದೇವರು ಕೊಟ್ಟ ಪಾಠ ಅದು, ನಾನು ಹೂಡಿದ್ದಲ್ಲ.

ಕುರಿಗಳ ಹಿಂದೆ ವಯಸ್ಸಾದ ಕುರುಬ. ಹೆಗಲ ಮೇಲಿನ ಕರಿ ಕಂಬಳಿಯನ್ನು ಜೋಳಿಗೆಯಂತೆ ಮಡಿಸಿ ಕಟ್ಟಿದ್ದ. ಅದರೊಳಗಿಂದ ನಾಲ್ಕು ಸಣ್ಣ ಗೊರಸು, ಒಂದು ಮೂತಿ ಹೊರಗೆ ಕಾಣುತ್ತಿತ್ತು. ಹೊಕ್ಕಳ ಬಳ್ಳಿ ಇನ್ನೂ ಒಣಗಿರಲಿಲ್ಲ.

‘ಈಗ ಈದದ್ದೇನಜ್ಜಾ?’

‘ಹೌದ್ರಿ ಯವ್ವಾ, ಕೋಳಿ ಕೂಗೂ ಹೊತ್ತಿಗೆ ಈದೈತಿ. ನಡ್ಯಾಕ ಆಗೂದಿಲ್ಲ, ಹೊತಗೊಂಡ ಹೊಂಟೀನಿ.’

ಅವನ ಮಗ್ಗುಲಲ್ಲೇ ಒಂದು ಕುರಿ, ಕಂಬಳಿಯ ಅಂಚು ಮೂಸುತ್ತ, ಸಣ್ಣಗೆ ಕೂಗುತ್ತ ಹೆಜ್ಜೆ ಹಾಕುತ್ತಿತ್ತು. ‘ಇಷ್ಟೊಂದರಲ್ಲಿ ಇದೇ ಇದರ ಅಮ್ಮ ಅಂತ ನಿಮಗೆ ಹೇಗೆ ಗೊತ್ತು?’ ಎಂದು ಮೊಮ್ಮಗ ಕೇಳಿದ.

ಮುದುಕ ನಿಂತು ಅವನನ್ನೇ ನೋಡಿದ. ‘ಗುರ್ತ ಇಲ್ಲದ ಕಾಯೂದು ಹ್ಯಾಂಗ ತಮ್ಮಾ?’ ಅಂದ. ಮರಿಯನ್ನು ತೆಗೆದು ಹುಡುಗನ ತೋಳಿಗೆ ಕೊಟ್ಟ. ‘ಅಂಜಬ್ಯಾಡ, ಎದಿಗೆ ಅವಚಿಕೊ. ಅದಕ್ಕ ಬಿಸಿ ಬೇಕು.’ ಹುಡುಗ ಉಸಿರು ಬಿಗಿಹಿಡಿದು ನಿಂತ. ಒಂದೆರಡು ನಿಮಿಷವಷ್ಟೇ. ಮರಿ ಮತ್ತೆ ಕಂಬಳಿಯೊಳಗೆ ಹೋಯಿತು, ಕುರಿಗಳು ಸರಿದವು. ಕಾರಿನಲ್ಲಿ ಅವನು ಬಹಳ ಹೊತ್ತು ಮಾತಾಡಲಿಲ್ಲ. ಅಂಗಿಯ ಮೇಲೆ ಅಂಟಿದ್ದ ಹಸಿಯನ್ನು ಒರೆಸಿಕೊಳ್ಳಲೂ ಇಲ್ಲ. ಗದಗಿನ ಹತ್ತಿರ ಬಂದಾಗ, ‘ಅಜ್ಜಿ, ದೇವರಿಗೂ ಕಂಬಳಿ ಇರುತ್ತಾ?’ ಎಂದು ಕೇಳಿದ. ಇರುತ್ತದೆ ಅಂದೆ.

ಬಾಸೆಲ್ ಮಿಶನ್ನಿನ ಮೊದಲ ಮೂವರಾದ ಹೆಬಿಕ್, ಲೇನರ್ ಮತ್ತು ಗ್ರೈನರ್ ಮಂಗಳೂರಿಗೆ ಬಂದದ್ದು 1834ರ ಅಕ್ಟೋಬರಿನಲ್ಲಿ. ಅಲ್ಲಿಂದ ಘಟ್ಟ ಹತ್ತಿ 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ, 1841ಕ್ಕೆ ಬೆಟಗೇರಿ. ಬೆಟಗೇರಿ ಆಗಲೂ ಮಗ್ಗದ ಊರು. ನನ್ನ ತಾಯಿಯ ಕಡೆಯವರು ನೇಕಾರರು. ಮಿಶನ್ನಿನವರು ಕಟ್ಟಿದ ಆಸ್ಪತ್ರೆಯನ್ನು ಹಳಬರು ಇವತ್ತಿಗೂ ಜರ್ಮನ್ ದವಾಖಾನಿ ಎಂದೇ ಕರೆಯುತ್ತಾರೆ. ನಾನು ಹುಟ್ಟಿದ್ದು ಅಲ್ಲೇ.

ಆರಾಧನೆಗೆ ಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ ಸೇರಿದೆವು. ನನ್ನ ಅತ್ತಿಗೆ ಬಾಗಿಲಲ್ಲೇ ಕಾದಿದ್ದಳು. ಮೊದಲ ಗೀತೆ ಜರ್ಮನ್ ಧಾಟಿಯದು, ನಿಧಾನ, ಭಾರವಾದದ್ದು. ಎರಡನೆಯದಕ್ಕೆ ತಬಲಾ, ಹಾರ್ಮೋನಿಯಂ, ತಾಳ ಬಂದವು. ಅದು ಭಜನೆಯ ಧಾಟಿ. ನಮ್ಮ ಸಭೆಗಳಲ್ಲಿ ಇವೆರಡೂ ಅಕ್ಕಪಕ್ಕ ಬೆಳೆದವು. ಬೆಂಗಳೂರಿನಲ್ಲಿ ಕೀಬೋರ್ಡ್ ಕಲಿಯುತ್ತಿರುವ ಮೊಮ್ಮಗಳು ಮೊದಲನೆಯದಕ್ಕೆ ತಲೆ ಎತ್ತಿ, ‘ಅಜ್ಜಿ, ಈ ಟ್ಯೂನ್ ನಮ್ಮ ಚರ್ಚಲ್ಲೂ ಇದೆ’ ಎಂದು ಪಿಸುಗುಟ್ಟಿದಳು. ನಾನು ಪದಗಳ ಕೆಳಗೆ ಬೆರಳಿಟ್ಟೆ. ಅವಳು ರಾಗ ಹಿಡಿದಳು. ಮೂರನೆಯ ಚರಣಕ್ಕೆ ಒಂದೊಂದು ಪದ ಅವಳ ಬಾಯಲ್ಲಿ ಬರತೊಡಗಿತು. ಅಕ್ಷರ ಗೊತ್ತು ಅವಳಿಗೆ, ಓಡಿಸಿ ಓದುವ ರೂಢಿಯಿಲ್ಲ. ಹಾಡಿನ ವೇಗದಲ್ಲಿ ಓದು ತಾನಾಗಿ ಎಳೆದುಕೊಂಡು ಬರುತ್ತದೆ. ಮೂವತ್ತನಾಲ್ಕು ವರ್ಷ ಪಾಠ ಮಾಡಿದ ನನಗೂ ಇದು ಹೊಳೆದಿರಲಿಲ್ಲ.

ಮಧ್ಯಾಹ್ನ ಅತ್ತಿಗೆಯ ಮನೆಯಲ್ಲಿ ರೊಟ್ಟಿ, ಎಣಗಾಯಿ, ಕೋಳಿ ಸಾರು. ಸುಗ್ಗಿ ಹಬ್ಬದ ಮಾತು ಬಂತು. ನಮ್ಮ ಅಜ್ಜ ಆ ಹಬ್ಬಕ್ಕೆ ಮಗ್ಗದಿಂದ ಹೊಸದಾಗಿ ಇಳಿಸಿದ ಸೀರೆಯನ್ನೇ ತಂದು ವೇದಿಯ ಮುಂದೆ ಇಡುತ್ತಿದ್ದ. ಉಳಿದವರು ಜೋಳ, ಕುಂಬಳಕಾಯಿ, ಕೋಳಿ ತರುತ್ತಿದ್ದರು. ಆರಾಧನೆ ಮುಗಿದ ಮೇಲೆ ಎಲ್ಲದರ ಸವಾಲು ನಡೆಯುತ್ತಿತ್ತು. ಒಂದು ವರ್ಷ ನನ್ನ ಅವ್ವ ತನ್ನಪ್ಪ ನೇಯ್ದ ಸೀರೆಯನ್ನೇ ಸವಾಲಿನಲ್ಲಿ ಕೊಂಡು ಉಟ್ಟಳಂತೆ. ಕತೆ ಹೇಳುತ್ತಲೇ ಅತ್ತಿಗೆ ಪೆನ್ನು ತಂದು, ಕೀರ್ತನೆ ಪುಸ್ತಕದ ಹಿಂದೆ ಮಕ್ಕಳಿಬ್ಬರ ಹೆಸರು ಬರೆದೇಬಿಟ್ಟಳು. ‘ಇಷ್ಟು ದಿನ ಏನ ಮಾಡಾಕತ್ತಿದ್ದಿ?’ ಎಂದು ನನ್ನನ್ನು ಗದರಿಸಿದಳು. ಉತ್ತರ ಕೊಡಲು ಆಗಲಿಲ್ಲ.

ಬಿಸಿಲಿಳಿದ ಮೇಲೆ ಸಮಾಧಿ ಭೂಮಿಗೆ ಹೋದೆವು. ಮುತ್ತಜ್ಜಿಯ ಕಲ್ಲು ಸಣ್ಣದು, ಹುಲ್ಲು ಮುಚ್ಚಿತ್ತು. ಮಕ್ಕಳೇ ಕಿತ್ತರು. ಅಲ್ಲಿ ಮೊಮ್ಮಗಳು ಬಹಳ ದಿನದಿಂದ ಒಳಗಿಟ್ಟುಕೊಂಡಿದ್ದ ಮಾತನ್ನು ತೆಗೆದಳು: ‘ಅಜ್ಜಿ, ನನ್ನ ಕ್ಲಾಸಲ್ಲಿ ಒಬ್ಬಳು ಹೇಳಿದ್ಲು, ನಿಮ್ಮವರು ಊಟಕ್ಕೋಸ್ಕರ ಕ್ರಿಶ್ಚಿಯನ್ಸ್ ಆದ್ರು ಅಂತ. ನಿಜಾನಾ?’

ಸುಳ್ಳು ಎಂದು ಹೇಳಿ ಮುಗಿಸಬಹುದಿತ್ತು. ಹಾಗೆ ಹೇಳಲು ನನಗೆ ಮನಸ್ಸಾಗಲಿಲ್ಲ. ಮಕ್ಕಳಿಗೆ ವಿಶ್ವಾಸವನ್ನು ಕೊಡುವಾಗ ಅದರ ನಿಜವನ್ನೂ ಜೊತೆಗೆ ಕೊಡಬೇಕು, ಇಲ್ಲವಾದರೆ ಹೊರಗಿನವರ ಒಂದು ಮಾತಿಗೆ ಎಲ್ಲವೂ ಕಳಚಿಬೀಳುತ್ತದೆ. 1876ರಿಂದ 78ರವರೆಗಿನ ಆ ದೊಡ್ಡ ಬರದಲ್ಲಿ ನನ್ನ ಮುತ್ತಜ್ಜಿಗೆ ಎಂಟು ವರ್ಷ. ಅಪ್ಪ-ಅವ್ವ ಇಬ್ಬರೂ ಹೋದರು. ಮಿಶನ್ನಿನವರು ಎತ್ತಿಕೊಂಡು ಹೋಗಿ ಗಂಜಿ ಕೊಟ್ಟರು, ಬೆಳೆಸಿದರು, ಓದು ಕಲಿಸಿದರು.

‘ಹೌದವ್ವಾ, ಕೂಳು ಕೊಟ್ರು. ಹಸಿದ ಕೂಸಿಗೆ ಕೂಳು ಕೊಟ್ಟದ್ದಕ್ಕ ನಾವ್ಯಾಕ ನಾಚಬೇಕು? ಆದರ ಬರ ಎರಡು ವರ್ಷಕ್ಕ ಮುಗೀತು. ಆಕಿ ಎಪ್ಪತ್ತು ದಾಟೂತನಾ ಬದುಕಿದ್ಲು. ಎಷ್ಟೋ ಮಂದಿ ತಿರುಗಿ ಹ್ವಾದ್ರು, ಆಕಿನೂ ಹೋಗಬಹುದಿತ್ತು. ಗಂಡ ಸತ್ತ, ಎರಡು ಮಕ್ಕಳು ಪ್ಲೇಗಿನ್ಯಾಗ ಹ್ವಾದುವು. ಅವತ್ತೂ ರಾತ್ರಿ ಕೂತು ಇದೇ ಪುಸ್ತಕ ತೆಗೆದು ಹಾಡಿದ್ಲಂತ. ಅದಕ್ಕ ಯಾರೂ ಕೂಳು ಕೊಡೂದಿಲ್ಲ.’

ಮೊಮ್ಮಗಳು ಕಲ್ಲಿನ ಮೇಲಿನ ಅಕ್ಷರಗಳನ್ನು ಬೆರಳಿನಿಂದ ತಿಕ್ಕುತ್ತ ಕೂತಿದ್ದಳು. ‘ಯಾವ ಹಾಡು?’ ಎಂದು ಕೇಳಿದಳು. ಪುಸ್ತಕ ತೆರೆದು, ಎಣ್ಣೆ ಕೈ ತಾಗಿ ತಾಗಿ ಕಂದು ಬಣ್ಣಕ್ಕೆ ತಿರುಗಿದ ಪುಟ ತೋರಿಸಿದೆ. ಮೂಲೆ ಸವೆದು ದುಂಡಗಾಗಿತ್ತು.

ಮೂರನೆಯ ದಿನ, ಸೋಮವಾರ: ಹುಬ್ಬಳ್ಳಿ

ಹೇಳುವಂಥದ್ದು ಹೆಚ್ಚೇನಿಲ್ಲ. ಗೆಳತಿಯೊಬ್ಬಳ ಮನೆಯಲ್ಲಿ ಊಟ ಮಾಡಿ, ಸಂಜೆ ಮಕ್ಕಳಿಗೆ ಗಿರಮಿಟ್-ಮಿರ್ಚಿ ತಿನ್ನಿಸಿ ಮಂಗಳೂರಿನ ರೈಲು ಹತ್ತಿದೆವು. ಮುಂಗಡವಾಗಿ ಕಾಯ್ದಿರಿಸಿದ್ದ ಕೆಳಗಿನ ಬರ್ತಿನಲ್ಲಿ ಬೇರೆಯವರು ಮಲಗಿದ್ದರು, ಮೊಣಕಾಲು ನೋವಿನ ನನಗೆ ಮೇಲೆ ಹತ್ತುವುದು ಕಷ್ಟವಾಯಿತು. ಮಲಗುವ ಮುನ್ನ ಮೊಮ್ಮಗ ಮೆಲ್ಲಗೆ, ‘ಯೆಹೋವನು ನನಗೆ ಕುರುಬನು… ಅಜ್ಜಿ, ಆಮೇಲೆ?’ ಅಂದ.

‘ಕೊರತೆಪಡೆನು.’

‘ಅಂದ್ರೆ?’

‘ನನಗ ಏನೂ ಕಡಿಮಿ ಬೀಳೂದಿಲ್ಲ ಅಂತ.’

ಅವನು ಆ ಪದವನ್ನು ನಾಲ್ಕೈದು ಸಲ ಬಾಯೊಳಗೆ ಹೊರಳಿಸಿ ನೋಡಿ ನಿದ್ದೆ ಹೋದ.

ನಾಲ್ಕನೆಯ ದಿನ, ಮಂಗಳವಾರ: ಮಂಗಳೂರು

ಎಚ್ಚರವಾದಾಗ ರೈಲು ಸಕಲೇಶಪುರ ದಾಟಿ ಘಟ್ಟ ಇಳಿಯುತ್ತಿತ್ತು. ಸುಬ್ರಹ್ಮಣ್ಯ ರೋಡಿನವರೆಗೆ 57 ಸುರಂಗಗಳು. ಮೊಮ್ಮಗ ಎಣಿಸಲು ಕೂತು ಇಪ್ಪತ್ತರಲ್ಲಿ ಲೆಕ್ಕ ತಪ್ಪಿದ. ಹೊರಗೆ ಮಳೆ ನಿಂತ ಕಾಡು, ಹಾಲಿನಂಥ ಮಂಜು. ಈ ಘಟ್ಟಗಳನ್ನು ಆ ಕಾಲದವರು ಕುದುರೆ, ಎತ್ತಿನ ಗಾಡಿ, ಕಾಲ್ನಡಿಗೆಯಲ್ಲಿ ದಾಟಿದ್ದರು. ನನ್ನ ಮುತ್ತಜ್ಜಿಯ ಪುಸ್ತಕವೂ ಯಾವುದೋ ಗಾಡಿಯ ಪೆಟ್ಟಿಗೆಯಲ್ಲಿ ಕೂತು ಘಟ್ಟ ಹತ್ತಿರಬೇಕು.

ಬಲ್ಮಠದ ಗುಡ್ಡದ ಮೇಲೆ ಶಾಂತಿ ಕೆಥೆಡ್ರಲ್, ಕರ್ನಾಟಕ ಥಿಯಾಲಾಜಿಕಲ್ ಕಾಲೇಜು. ಈ ಗುಡ್ಡದಲ್ಲೇ ಮಿಶನ್ನಿನ ಪಾದ್ರಿ ಹೆರ್ಮನ್ ಮೊಗ್ಲಿಂಗ್ ಹುಡುಗರನ್ನು ಕಟ್ಟಿಕೊಂಡು ಪಾಠ ಹೇಳಿದ್ದು. 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದವರೂ ಅವರೇ. ಕನ್ನಡದ ಮೊದಲ ಪತ್ರಿಕೆ ಅದು, ಆ ದಿನವನ್ನೇ ನಾವು ಪತ್ರಿಕಾ ದಿನವೆಂದು ಆಚರಿಸುತ್ತೇವೆ. ದಾಸರ ಪದಗಳನ್ನೂ ಜೈಮಿನಿ ಭಾರತವನ್ನೂ ಬಸವಪುರಾಣವನ್ನೂ ಹುಡುಕಿಸಿ ಅಚ್ಚು ಹಾಕಿಸಿದವರು ಮೊಗ್ಲಿಂಗ್ ಎಂದಾಗ ಮೊಮ್ಮಗಳು ನಂಬಲಿಲ್ಲ. ‘ಪಾದ್ರಿ ಯಾಕೆ ದಾಸರ ಪದ ಪ್ರಿಂಟ್ ಮಾಡಿದ್ರು?’ ಜನರ ಹೃದಯ ಯಾವ ಮಾತಿನಲ್ಲಿ ಮಿಡಿಯುತ್ತದೆ ಎಂದು ತಿಳಿಯದೆ ಅವರಿಗೆ ದೇವರ ಮಾತು ಹೇಳಲಾಗದು ಎಂದು ಅವರಿಗೆ ಗೊತ್ತಿತ್ತು ಅಂದೆ. ಕಿಟೆಲರೂ ‘ಕಥಾಮಾಲೆ’ ಎಂದು ಯೇಸುವಿನ ಕತೆಯನ್ನು ಕನ್ನಡ ಪದ್ಯದಲ್ಲೇ ಬರೆದರು, 1862ರಲ್ಲಿ.

ಆನಂದರಾವ್ ಕೌಂಡಿಣ್ಯರ ಕತೆಯನ್ನು ಅಲ್ಲೇ ಮರದ ನೆರಳಿನಲ್ಲಿ ಕೂತು ಹೇಳಿದೆ. ಮೊಗ್ಲಿಂಗರ ಶಾಲೆಯಲ್ಲಿ ಓದುತ್ತಿದ್ದ ಸಾರಸ್ವತ ಬ್ರಾಹ್ಮಣರ ಹುಡುಗ. 1844ರಲ್ಲಿ ದೀಕ್ಷಾಸ್ನಾನ ಪಡೆದ. ಊರಲ್ಲಿ ಗಲಾಟೆಯಾಯಿತು, ಮನೆ ಬಿಡಬೇಕಾಯಿತು. ಗುರುವಿನ ಜೊತೆ ಬಾಸೆಲ್‌ಗೆ ಹೋಗಿ ಕಲಿತು, ಪಾದ್ರಿಯಾಗಿ ಇಲ್ಲಿಗೇ ತಿರುಗಿ ಬಂದು ಹುಡುಗರಿಗೆ ಕಲಿಸಿದ. ಮೊನ್ನೆ ಸಮಾಧಿಯ ಹತ್ತಿರ ಕೇಳಿದ ಪ್ರಶ್ನೆ ಮೊಮ್ಮಗಳಲ್ಲಿ ಇನ್ನೂ ಇತ್ತೆಂದು ಕಾಣುತ್ತದೆ. ‘ಇವರಿಗೆ ಊಟಕ್ಕೆ ಕಮ್ಮಿ ಇರಲಿಲ್ಲ ಅಲ್ವಾ?’ ಅಂದಳು. ಇರಲಿಲ್ಲ. ‘ಆದ್ರೆ ಅವರ ಅಮ್ಮ ಎಷ್ಟು ಅತ್ತಿರಬಹುದು,’ ಎಂದೂ ಅವಳೇ ಅಂದಳು. ಆ ಮಾತು ನನ್ನನ್ನು ತಟ್ಟಿತು. ವಿಶ್ವಾಸದ ಇತಿಹಾಸದಲ್ಲಿ ಅಳುವ ತಾಯಂದಿರು ಎರಡೂ ಕಡೆ ಇದ್ದಾರೆ. ಅದನ್ನು ಕಾಣುವ ಕಣ್ಣು ಹುಡುಗಿಗಿದೆಯಲ್ಲ ಎಂದು ದೇವರಿಗೆ ಸ್ತೋತ್ರ ಹೇಳಿದೆ.

ಗ್ರಂಥಾಲಯದವರನ್ನು ಮೊದಲೇ ಫೋನಿನಲ್ಲಿ ಕೇಳಿಕೊಂಡಿದ್ದೆ. ‘ಬನ್ನಿ ಟೀಚರ್, ಕೂತ್ಕೊಳ್ಳಿ. ಪುಸ್ತಕ ತಂದಿದ್ದೀರಾ? ಕೊಡಿ ನೋಡುವ,’ ಎಂದರು ಅಲ್ಲಿದ್ದ ಹಿರಿಯರು. ನಮ್ಮ ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಪುಟವೊಂದನ್ನು ಹಿಂದುಮುಂದು ಮಾಡಿ, ‘ಇಲ್ಲಿ ಬೆರಳಿಡು ಮಗಾ, ಹಿಂಬದಿಯಲ್ಲಿ’ ಎಂದು ಮೊಮ್ಮಗಳ ಕೈ ಹಿಡಿದು ಇಟ್ಟರು. ಸೀಸದ ಮೊಳೆಗಳು ಕಾಗದವನ್ನು ಒತ್ತಿದ ಗುರುತು ಹಿಂದಿನ ಪುಟದಲ್ಲಿ ಉಬ್ಬಿ ನಿಂತಿದೆ. ಬೆರಳಿನ ತುದಿಗೆ ಸಾಲು ಸಾಲಾಗಿ ಸಿಗುತ್ತದೆ. ಒಬ್ಬ ಮನುಷ್ಯ ಒಂದೊಂದೇ ಮೊಳೆಯನ್ನು ಆರಿಸಿ ಜೋಡಿಸಿದ್ದು, ಕೊಂಬು, ದೀರ್ಘ, ಒತ್ತು ಎಲ್ಲ ಬೇರೆ ಬೇರೆ ಖಾನೆಯಿಂದ. ಮೊಮ್ಮಗಳು ಕಣ್ಣು ಮುಚ್ಚಿ ಆ ಪುಟದ ಮೇಲೆ ಬೆರಳಾಡಿಸುತ್ತ ಎಷ್ಟೋ ಹೊತ್ತು ಕೂತಳು. ಅದನ್ನೇ ನೋಡುತ್ತ ನಾನೂ ಕೂತೆ.

ಹೊರಡುವಾಗ ಹಿರಿಯರು, ‘ಇದನ್ನು ಇಲ್ಲಿ ಕೊಟ್ಟರೆ ಜೋಪಾನವಾಗಿ ಇಡಬಹುದಿತ್ತು. ಹುಳು ಹಿಡಿಯುವ ಮೊದಲು ಯೋಚನೆ ಮಾಡಿ’ ಎಂದರು. ಸರಿಯಾದ ಮಾತೇ. ನಾನು ಮಾತಾಡುವ ಮೊದಲೇ ಮೊಮ್ಮಗಳು, ‘ಅಂಕಲ್, ಇದನ್ನ ನಾವಿನ್ನೂ ಹಾಡ್ತಾ ಇದ್ದೀವಿ’ ಅಂದುಬಿಟ್ಟಳು. ಅವರು ನಕ್ಕು, ಪುಸ್ತಕವನ್ನು ನನ್ನ ಕೈಗಲ್ಲ, ಅವಳ ಕೈಗೆ ಕೊಟ್ಟರು.

ಐದನೆಯ ದಿನ, ಬುಧವಾರ: ಜೆಪ್ಪು, ಅಲೋಶಿಯಸ್ ಚಾಪೆಲ್, ಮರಳಿ ರೈಲು

ಬೆಳಿಗ್ಗೆ ಜೆಪ್ಪುವಿನ ಕಡೆ ಹೋದೆವು. ನೇತ್ರಾವತಿಯ ದಡದ ಜೇಡಿಮಣ್ಣಿನಿಂದ 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಹೆಂಚು ಸುಡಲು ಶುರು ಮಾಡಿದ್ದು ಈ ಭಾಗದಲ್ಲಿ. ಜಾತಿಯಿಂದ ಹೊರಬಿದ್ದವರಿಗೆ ಕಸುಬೂ ತಪ್ಪುತ್ತಿತ್ತು. ಅವರಿಗೆ ದುಡಿಮೆ ಬೇಕೆಂದೇ ಹೆಂಚಿನ ಕಾರ್ಖಾನೆ ಬಂತು, ಅದಕ್ಕೂ ಮೊದಲು ಬಲ್ಮಠದಲ್ಲಿ ನೇಯ್ಗೆ ಬಂತು. ಖಾಕಿ ಬಣ್ಣವೂ ಆ ನೇಯ್ಗೆಯ ಶಾಲೆಯದೇ ಎಂದು ಹೇಳುವುದುಂಟು. ಬಿಚ್ಚುತ್ತಿದ್ದ ಒಂದು ಹಳೆ ಮನೆಯ ಮುಂದೆ ಹೆಂಚುಗಳ ರಾಶಿ ಬಿದ್ದಿತ್ತು. ಮೇಸ್ತ್ರಿಯನ್ನು ಕೇಳಿ ಮೊಮ್ಮಗ ಒಂದನ್ನು ಎತ್ತಿದ. ಅಡಿಯಲ್ಲಿ ಪಾಚಿಯ ಕೆಳಗೆ ಬಾಸೆಲ್ ಮಿಶನ್ ಎಂಬ ಇಂಗ್ಲಿಷ್ ಅಕ್ಷರ, 1865. ‘ಕೊಂಡೋಗಿ, ಎಂಥ ತೊಂದ್ರೆ ಇಲ್ಲ’ ಅಂದ ಮೇಸ್ತ್ರಿ. ಭಾರವಾದರೂ ತಾನೇ ಹೊರುತ್ತೇನೆಂದು ಹಠ ಹಿಡಿದು ಚೀಲಕ್ಕೆ ಹಾಕಿಕೊಂಡ.

ಸಂತ ಅಲೋಶಿಯಸ್ ಚಾಪೆಲ್ ಕೆಥೋಲಿಕರದು, ನಮ್ಮ ಪಂಗಡದ್ದಲ್ಲ, ಆದರೂ ನೋಡದೆ ಹೋಗಬಾರದು. ಇಟಲಿಯ ಜೆಸ್ವಿಟ್ ಬ್ರದರ್ ಅಂತೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಗೋಡೆ, ಚಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದ್ದಾರೆ. ನಮ್ಮ ಇಗರ್ಜಿಗಳ ಗೋಡೆಗಳು ಬರಿದು, ನಮಗೆ ಎಲ್ಲವೂ ಕಿವಿಯಿಂದ ಬಂದದ್ದು. ಇಲ್ಲಿ ಕಣ್ಣಿನಿಂದ ಬರುತ್ತದೆ. ನಮ್ಮ ಪಕ್ಕದ ಬೆಂಚಿನಲ್ಲಿ ಒಬ್ಬ ಕೊಂಕಣಿ ಅಜ್ಜಿ ಪುಟ್ಟ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಚಾವಣಿಯ ಕಡೆ ಕೈ ತೋರಿಸಿ ಏನೋ ಹೇಳುತ್ತಿದ್ದರು. ಮಾತು ತಿಳಿಯಲಿಲ್ಲ, ಕೆಲಸ ತಿಳಿಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ತಲೆದೂಗಿದೆವು.

ಮಧ್ಯಾಹ್ನದ ರೈಲು. ಸುಬ್ರಹ್ಮಣ್ಯ ರೋಡ್ ಬಿಟ್ಟು ಘಟ್ಟ ಹತ್ತತೊಡಗಿದಾಗ ಮಗನ ಫೋನು ಬಂತು. ಮೊಮ್ಮಗ ನನ್ನ ಕೈಯಿಂದ ಕಸಿದುಕೊಂಡ.

‘ಅಪ್ಪಾ, ಕುರುಬ ಅಂದ್ರೆ ಯಾರು ಗೊತ್ತಾ ನಿಂಗೆ?… ಅಲ್ಲ, ಬರೀ ಕುರಿ ಕಾಯೋರಲ್ಲ. ಮರಿಗೆ ನಡೆಯೋಕಾಗ್ದೆ ಇದ್ರೆ ಕಂಬಳೀಲಿ ಹಾಕ್ಕೊಂಡು ಹೊತ್ಕೊಂಡು ಹೋಗ್ತಾರೆ. ಎಲ್ಲಾ ಕುರಿ ಗುರುತು ಇರುತ್ತೆ ಅವರಿಗೆ. ನಾನು ಎತ್ಕೊಂಡಿದ್ದೆ ಅಪ್ಪಾ, ಬಿಸಿ ಇತ್ತು… ಈಗ ನಾನು ಹೇಳ್ತೀನಿ, ಮುಂದಿನ ಲೈನ್ ನೀನು ಹೇಳು. ಯೆಹೋವನು ನನಗೆ ಕುರುಬನು, ಕೊರತೆಪಡೆನು. ಹ್ಞೂಂ, ಹೇಳು…’

ಅಷ್ಟರಲ್ಲಿ ಸುರಂಗ ಬಂತು. ಕತ್ತಲು, ಗಾಲಿಗಳ ಸದ್ದು. ಫೋನು ಕಟ್ಟಾಯಿತು. ಹೊರಗೆ ಬಂದೆವು, ಮತ್ತೆ ಸುರಂಗ, ಮತ್ತೆ ಬೆಳಕು. ‘ಅಪ್ಪಂಗೆ ಮರೆತುಹೋಗಿದೆ ಅನ್ಸುತ್ತೆ’ ಎಂದು ಅವನು ಫೋನು ತೊಡೆಯ ಮೇಲಿಟ್ಟು ಕಿಟಕಿ ನೋಡುತ್ತ ಕೂತ. ಮೊಮ್ಮಗಳು ಮಡಿಲಲ್ಲಿ ಪುಸ್ತಕ ಬಿಚ್ಚಿಕೊಂಡು ಬೆರಳಿಟ್ಟು ತುಟಿಯಲ್ಲೇ ಓದಿಕೊಳ್ಳುತ್ತಿದ್ದಳು.

ಐದಾರು ಸುರಂಗ ದಾಟಿದ ಮೇಲೆ ಫೋನು ಮತ್ತೆ ಹೊಡೆದುಕೊಂಡಿತು. ಮೊಮ್ಮಗ ಸ್ಪೀಕರಿಗೆ ಹಾಕಿದ. ನನ್ನ ಮಗ ಹಲೋ ಅನ್ನಲಿಲ್ಲ. ಚಾಪೆಯ ಮೇಲೆ ನನ್ನೆದುರು ಕೂತು ಹೇಳುತ್ತಿದ್ದ ಕಾಲದ ಎಳೆತ, ನಡುನಡುವೆ ತಡವರಿಕೆ.

‘ಆತನು… ಹಸುರುಗಾವಲುಗಳಲ್ಲಿ…’